ಗೇಟಿನ ಬೋರ್ಡಿಗೆ ಹೊಸ ಪದ

ಸಿ.ವಿ. ರಾಮನ್ ನಗರದ ವಿಮಾ ನೌಕರರ ಕಾಲೋನಿಗೆ ಹಾಲು ಬರುವುದು ತಪ್ಪಿದರೂ ಯಜ್ಞನಾರಾಯಣರ ಇಂಗ್ಲಿಷ್ ಪದ ತಪ್ಪುತ್ತಿರಲಿಲ್ಲ. ರಿಟೈರಾದ ಮೇಲೆ ಅವರು ಸಂಘದ ಕಾರ್ಯದರ್ಶಿ. ದಿನಾ ಬೆಳಿಗ್ಗೆ ಗೇಟಿನ ಕಪ್ಪು ಬೋರ್ಡಿನ ಮೇಲೆ ಒಂದು ಪದ, ಅದರ ಅರ್ಥ, ಅದರ ಹುಟ್ಟು ಬರೆದು, ಓದದೆ ದಾಟುವವರನ್ನು ನಿಲ್ಲಿಸಿ ಓದಿಸುತ್ತಿದ್ದರು. ಪುಣ್ಯಾತ್ಮನ ಕಣ್ಣು ತಪ್ಪಿಸಲು ಎಷ್ಟೋ ಜನ ಹಿಂದಿನ ಗೇಟಿನಿಂದ ಓಡಾಡುತ್ತಿದ್ದರು.

ಕಾಲೋನಿಯ ಹಿಂದಿನ ಜಾಗದಲ್ಲಿ ವಾಕಿಂಗ್ ಟ್ರ್ಯಾಕ್ ಬೇಕೆಂದು ಸಂಘ ತೀರ್ಮಾನಿಸಿತು. ಪಾಲಿಕೆಗೆ ಅರ್ಜಿ ಬರೆಯುವ ಭಾಗ್ಯ ಇವರದೇ. ಖಾಲಿ ಜಾಗ ಎಂದಿದ್ದರೆ ಮುಗಿಯುತ್ತಿತ್ತು, ಆದರೆ ಇವರ ಪೆನ್ನಿಗೆ ಸಮಾಧಾನ ಬೇಡವೇ? 'ಡೆಸೊಲೇಟ್' ಎಂದು ಬರೆದರು. ನರಪಿಳ್ಳೆಯಿಲ್ಲದೆ ಹಾಳುಬಿದ್ದದ್ದು ಎಂದರ್ಥ. ಯಾದಗಿರಿ ಕಡೆಯ ಅಮೃತಮ್ಮ ಅಲ್ಲೇ ತಗಡಿನ ಕೋಣೆ ಹಾಕಿಕೊಂಡು ಒಂಬತ್ತು ವರ್ಷದಿಂದ ಇದ್ದಳು. ಇವರ ಮನೆಯಲ್ಲೇ ಪಾತ್ರೆ ತೊಳೆಯುತ್ತಿದ್ದಳು. ಅರ್ಜಿ ಬರೆಯುವಾಗ ಅವಳ ನೆನಪೇ ಇವರಿಗೆ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಪಾಲಿಕೆಯ ಜೆಸಿಬಿ ಬಂತು. ಬಂದವರು ಎರಡು ಸಲ ಕೂಗಿದರು, ಯಾರೂ ಓಗೊಡಲಿಲ್ಲ. ಕೋಣೆ ನೆಲಸಮವಾಗಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ಮಂಗಳವಾರ ಯಜ್ಞನಾರಾಯಣರು ಅದೇ ಪದವನ್ನು ಬೋರ್ಡಿಗೇರಿಸುತ್ತಿದ್ದಾಗ ಅಮೃತಮ್ಮ ನಜ್ಜುಗುಜ್ಜಾದ ಟ್ರಂಕು ಹೊತ್ತು ಬಂದು ನಿಂತಳು. ನಿಮ್ಮ ಅರ್ಜಿ ನೋಡಿಯೇ ಕೋಣೆ ಕೆಡವಿದರಂತೆ, ಅದರಲ್ಲಿ ಏನು ಬರೆದಿದ್ದಿರಿ ಎಂದು ಕೇಳಿದಳು. ಸಂಕಟವಾದಾಗಲೆಲ್ಲ ಪಾಠ ಹೇಳುವುದು ಅವರ ಹಣೆಬರಹ. 'ಡೆಸೊಲೇಟ್' ಎಂದರೆ ಹಾಳುಬಿದ್ದದ್ದು, ಮೂಲ ಲ್ಯಾಟಿನ್ನು, 'ಸೋಲಸ್' ಎಂದರೆ ಒಂಟಿ, ಮೊದಲಿಗೆ 'ಡೆ' ಸೇರಿದರೆ ಪೂರ್ತಿ, ಒಟ್ಟಿನಲ್ಲಿ ಪೂರ್ತಿ ಒಂಟಿಯಾಗಿಸಿ ಬಿಟ್ಟದ್ದು ಎಂದು ವಿವರಿಸಿದರು.

"ಹಂಗಾದ್ರ ಅದು ತಾನ ಹಾಳಾಗಿದ್ದಲ್ರಿ. ಯಾರರ ಹಾಳ ಮಾಡಿದ್ದು," ಎಂದಳು ಅಮೃತಮ್ಮ.

ಅವರ ಕೈಯ ಸೀಮೆಸುಣ್ಣ ಅಲ್ಲೇ ನಿಂತಿತು. ಬಂದವರು ಕೂಗಿದ್ದರಂತೆ, ಒಳಗೆ ಯಾರೂ ಇರಲಿಲ್ಲವಂತೆ ಎಂದು ತೊದಲಿದರು.

"ನಾ ಹೆಂಗ ಓ ಅನ್ಲಿ ಸಾಹೇಬ್ರ? ಆವಾಗ ನಿಮ್ಮ ಮನ್ಯಾಗ ಭಾಂಡೆ ತಿಕ್ಕಾಕತ್ತಿದ್ನಿ."

ಅಷ್ಟು ಹೇಳಿ ಟ್ರಂಕು ಹೊತ್ತು ಟಿನ್ ಫ್ಯಾಕ್ಟರಿ ಸ್ಟಾಪಿಗೆ ಹೋಗುವ ಬಸ್ಸು ಹಿಡಿಯಲು ಹೊರಟಳು. ಯಜ್ಞನಾರಾಯಣರು ನಾಚಿಕೆಯಿಂದ ಕುಗ್ಗಿಹೋಗಿದ್ದರು. ಬರೆದದ್ದನ್ನು ಅಂಗೈಯಿಂದಲೇ ಒರೆಸಿದರು.

ಮರುದಿನ ಬೋರ್ಡು ಖಾಲಿಯಿತ್ತು. ಸದ್ಯ, ಪೀಡೆ ತೊಲಗಿತು ಎಂದುಕೊಂಡು ಕಾಲೋನಿಯವರೆಲ್ಲ ಮುಂದಿನ ಗೇಟಿನಿಂದಲೇ ವಾಕಿಂಗಿಗೆ ಹೋದರು.