ಹೊಲಿಗೆಯಕ್ಕ ಸಹಿ ಹಾಕದ ಕಾಗದ

ಐದು ದಿನದಿಂದ ಸುಮ್ಮನಿದ್ದ ಹೊಲಿಗೆ ಯಂತ್ರ ಆ ಬೆಳಿಗ್ಗೆ ಮತ್ತೆ ಸದ್ದು ಮಾಡಿತು. ಮಗು ಆಸ್ಪತ್ರೆಯಿಂದ ಬಂದಿದೆ ಎಂದು ಬೀದಿಯವರಿಗೆ ಗೊತ್ತಾದದ್ದು ಹಾಗೆ.

ಬೀದಿಗೆಲ್ಲ ಅವಳು ಹೊಲಿಗೆಯಕ್ಕ. ಏಳು ವರ್ಷದ ಮಗಳು ಗುಬ್ಬಿ. ಆ ಹೆಸರು ಬಿದ್ದದ್ದು ಅವಳ ಊಟ ನೋಡಿಯೋ, ಬಿಡುವಿಲ್ಲದ ಚಿಲಿಪಿಲಿ ಕೇಳಿಯೋ, ಈಗ ಯಾರಿಗೂ ನೆನಪಿಲ್ಲ. ಗುಬ್ಬಿ ಐದು ದಿನ ಆಸ್ಪತ್ರೆಯಲ್ಲಿದ್ದಳು. ವಾಂತಿ, ಜ್ವರ, ರಕ್ತಭೇದಿ. ಮೊದಲ ದಿನ ಮೂಲೆಯಂಗಡಿಯ ಅಣ್ಣ ವ್ಯಾಪಾರ ಬಿಟ್ಟು, ಬಾಗಿಲು ಎಳೆದು, ತಾಯಿ ಮಗಳನ್ನು ತನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿದ್ದ. "ಇನ್ನರ್ಧ ದಿನ ತಡವಾಗಿದ್ದರೆ ಕಷ್ಟವಿತ್ತು" ಎಂದು ಡಾಕ್ಟರಮ್ಮ ಹೇಳಿದ ಮಾತು ಹೊಲಿಗೆಯಕ್ಕನ ಕಿವಿಯಲ್ಲಿ ಇನ್ನೂ ಇತ್ತು. ಸೂಜಿಗೆ ದಾರ ಪೋಣಿಸುವಾಗಲೂ ಅವಳು ಮನಸ್ಸಿನಲ್ಲೇ ಆ ಅಣ್ಣನಿಗೆ ಕೈ ಮುಗಿಯುತ್ತಿದ್ದಳು.

ಕಾಯಿಲೆ ಬಂದದ್ದು ಎಲ್ಲಿಂದ ಎಂದು ಮೂರನೆಯ ದಿನ ತಿಳಿಯಿತು. ಅಣ್ಣನ ಅಂಗಡಿಯ ಬಾಗಿಲಿಗೆ ಒಂದು ಸೂಚನೆ ಅಂಟಿತ್ತು. ಒಂದು ಕಂಪನಿಯ ಹಾಲಿನ ಪುಡಿಯಲ್ಲಿ ರೋಗಾಣು ಸಿಕ್ಕಿದೆ, ಈ ಈ ಬ್ಯಾಚ್ ನಂಬರಿನ ಚೀಲಗಳನ್ನು ಬಳಸಬೇಡಿ, ವಾಪಸು ಕೊಡಿ ಎಂದು. ಗುಬ್ಬಿ ದಿನವೂ ಕುಡಿಯುತ್ತಿದ್ದದ್ದು ಅದೇ ಪುಡಿಯ ಹಾಲು. ಆಸ್ಪತ್ರೆಯಲ್ಲಿ ಮಲ ಪರೀಕ್ಷೆ ಮಾಡಿದಾಗ ಸಿಕ್ಕಿದ್ದೂ ಅದೇ ರೋಗಾಣು.

ಯಂತ್ರ ಶುರುವಾದ ಆ ಬೆಳಿಗ್ಗೆಯೇ ಕಂಪನಿಯ ಮನುಷ್ಯನೊಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ಎರಡು ಹೊಸ ಚೀಲ ಹಾಲಿನ ಪುಡಿ ಇಟ್ಟು, ಒಂದು ಕಾಗದ ಚಾಚಿದ.

"ಮಗೂಗೆ ಹುಷಾರಿಲ್ಲ ಅಂತ ಅಂಗಡಿಯವರು ತಿಳಿಸಿದ್ರು. ತುಂಬಾ ಬೇಜಾರಾಯ್ತು ಅಕ್ಕಾ. ಇದು ಸುಮ್ನೆ ನಮ್ಮ ಆಫೀಸಿಗೆ. ಇಲ್ಲೊಂದು ಸಹಿ ಅಷ್ಟೇ."

"ಯಜಮಾನ್ರು ಸ್ನಾನಕ್ಕೆ ಹೋಗಿದ್ದಾರೆ. ಕೇಳಿ ಹೇಳ್ತೀನಿ."

"ಆಗ್ಲಿ ಅಕ್ಕಾ. ನಾಲ್ಕು ಗಂಟೆಗೆ ಬರ್ತೀನಿ."

ಯಜಮಾನ ಬಸ್ ಡ್ರೈವರು. ತಲೆ ಒರೆಸಿಕೊಳ್ಳುತ್ತಾ ಬಂದು ಚೀಲಗಳನ್ನು ನೋಡಿದ. "ಕಂಪನಿಯವರೇ ಬಾಗಿಲಿಗೆ ಬಂದು ಕ್ಷಮೆ ಕೇಳಿದ್ದಾರೆ. ಇನ್ನೇನು ಬೇಕು? ಮಗು ಉಳೀತಲ್ಲ, ಅಷ್ಟೇ ಸಾಕು. ಹಾಕಿಬಿಡು."

ಹೊಲಿಗೆಯಕ್ಕನೂ ಪೆನ್ನು ಹುಡುಕಿದಳು. ಪೆನ್ನು ಸಿಗುವ ಮೊದಲು ಟೈಪಿಸ್ಟಮ್ಮ ಬಂದರು.

ಟೈಪಿಸ್ಟಮ್ಮ ನ್ಯಾಯಾಲಯದ ಎದುರಿನ ಸಾಲಿನಲ್ಲಿ ಕೂತು ಮೂವತ್ತು ವರ್ಷದಿಂದ ಜನರ ಅರ್ಜಿಗಳನ್ನು ಟೈಪ್ ಮಾಡುವವರು. ತೋಳು ಸರಿಯಾಗಿದೆಯೇ ಎಂದು ನೋಡಲು ಅರ್ಧ ಹೊಲಿದ ರವಿಕೆ ಹಾಕಿಕೊಂಡು ನಿಂತರು. ಹೊಲಿಗೆಯಕ್ಕ ಪಿನ್ನು ಚುಚ್ಚುತ್ತಿದ್ದಂತೆ ಅವರ ಕಣ್ಣು ಮೇಜಿನ ಮೇಲಿದ್ದ ಕಾಗದದ ಮೇಲೆ ಬಿತ್ತು.

"ಅದನ್ನ ಸ್ವಲ್ಪ ನನ್ನ ಕಣ್ಣೆದುರು ಹಿಡಿಯಮ್ಮ. ಕೈ ಎತ್ತಿದ್ರೆ ಪಿನ್ನು ಚುಚ್ಚುತ್ತೆ."

ಓದುತ್ತಾ ಓದುತ್ತಾ ಅವರ ಹುಬ್ಬು ಗಂಟಾಯಿತು. "ಕೊನೇ ಸಾಲು ಓದಿದ್ಯಾ? 'ಈ ವಿಷಯದಲ್ಲಿ ನನ್ನ ಯಾವ ದೂರೂ ಇಲ್ಲ, ಮುಂದೆ ಪರಿಹಾರ ಕೇಳುವುದಿಲ್ಲ.' ಎರಡು ಚೀಲ ಪುಡಿಗೆ ಮಗಳ ಐದು ದಿನದ ನರಳಾಟ ಬರೆದುಕೊಡ್ತಿದ್ದೀಯಲ್ಲೇ!"

ಡ್ರೈವರ್ ನಕ್ಕ. "ಕೋರ್ಟು ಕಚೇರಿ ನಮಗ್ಯಾಕೆ ಮೇಡಂ? ಗೆದ್ದವನು ಸೋತ, ಸೋತವನು ಸತ್ತ ಅಂತಾರೆ. ಅಷ್ಟು ದೊಡ್ಡ ಕಂಪನಿ ಮುಂದೆ ನಾವು ಯಾವ ಲೆಕ್ಕ?"

"ಆ ಗಾದೆ ಹೇಳಿದವನು ಗ್ರಾಹಕರ ನ್ಯಾಯಾಲಯ ನೋಡಿರ್ಲಿಲ್ಲ ಕಣಪ್ಪ. ಅಲ್ಲಿ ನೀವೇ ದೂರು ಬರೆದು ಕೊಡಬಹುದು. ವಕೀಲರು ಇರಲೇಬೇಕು ಅಂತಿಲ್ಲ. ಬೇಕು ಅಂದ್ರೆ ಉಚಿತ ಕಾನೂನು ನೆರವಿನ ಕಚೇರಿ ಇದೆ, ಅಲ್ಲಿ ಕೇಳಬಹುದು."

"ಆದ್ರೆ ಅವರೇ ಒಪ್ಕೊಂಡು ಮಾಲು ವಾಪಸ್ ತಗೋತಿದ್ದಾರಲ್ಲ?"

"ತಗೊಳ್ಳಲಿ, ಒಳ್ಳೇದೇ. ಪುಡಿ ವಾಪಸ್ ಕೊಟ್ರೆ ಸಿಗೋದು ಪುಡಿಯ ಬೆಲೆ. ಆಸ್ಪತ್ರೆ ಖರ್ಚು, ನೀನು ರಜೆ ಹಾಕಿದ್ದು, ಇವಳ ಯಂತ್ರ ನಿಂತಿದ್ದು, ಮಗು ಪಟ್ಟ ಪಾಡು, ಅದೆಲ್ಲ ಬೇರೆ. ಅದನ್ನ ಕೇಳೋ ಹಕ್ಕು ನಿಮಗಿದೆ. ಸಿಕ್ಕೇ ಸಿಗುತ್ತೆ ಅಂತ ನಾನು ಹೇಳಲ್ಲ. ಕೇಳದೆ ಇದ್ರೆ ಮಾತ್ರ ಸಿಗಲ್ಲ."

ಹೊಲಿಗೆಯಕ್ಕ ತಲೆ ತಗ್ಗಿಸಿದಳು. ಅವಳ ಸಂಕಟವೇ ಬೇರೆಯಾಗಿತ್ತು. "ಅಮ್ಮಾ, ಮಾರಿದ್ದು ಮೂಲೆಯಂಗಡಿ ಅಣ್ಣ. ನನ್ನ ಮಗಳ ಜೀವ ಉಳಿಸಿದ್ದೂ ಅವನೇ. ದೂರು ಕೊಟ್ರೆ ಅವನನ್ನ ಬೀದಿಗೆ ಎಳೆದ ಹಾಗಲ್ವಾ? ಉಂಡ ಮನೆ ಜಂತೆ ಎಣಿಸೋ ಕೆಲಸ ನನ್ನಿಂದಾಗಲ್ಲ."

"ಅಣ್ಣನ ಋಣ ಅಣ್ಣನಿಗೆ. ಪುಡಿ ಮಾಡಿದ ಕಂಪನಿಗೆ ನೀನ್ಯಾವ ಋಣಿ? ಅವನಿಗೂ ಮೋಸ ಆಗಿದೆ. ಹೋಗಿ ಮಾತಾಡು. ಅದಿರಲಿ, ಚೀಲ ಎಲ್ಲಿ? ಉಳಿದ ಪುಡಿ ಎಲ್ಲಿ?"

ಹೊಲಿಗೆಯಕ್ಕನ ಕೈಯಲ್ಲಿದ್ದ ಪಿನ್ನು ಅಲ್ಲೇ ನಿಂತಿತು. ತಂದ ದಿನವೇ ಸಾಮಾನನ್ನು ಡಬ್ಬಿಗೆ ಸುರಿಯುವುದು ಅವಳ ಅಭ್ಯಾಸ. ಸೂಚನೆ ನೋಡಿದ ದಿನ ಹೆದರಿ, ಮಿಕ್ಕ ಪುಡಿಯನ್ನು ಚರಂಡಿಗೆ ಸುರಿದು, ಡಬ್ಬಿಯನ್ನು ಮೂರು ಸಲ ತಿಕ್ಕಿ ತೊಳೆದಿದ್ದಳು.

"ಅಯ್ಯೋ, ಅದೇ ಸಾಕ್ಷಿ ಕಣೇ," ಎಂದರು ಟೈಪಿಸ್ಟಮ್ಮ. "ಗಟ್ಟಿಯಾಗಿ ಮುಚ್ಚಿ, 'ತಿನ್ನಬೇಡಿ' ಅಂತ ಬರೆದು, ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕಿತ್ತು. ಹೋಗ್ಲಿ, ಹೆದರಿದವರು ಮಾಡೋದೇ ಹಾಗೆ. ಚೀಲ?"

"ಚೀಲ... ಕತ್ತರಿಸಿಬಿಟ್ಟೆ."

ಆ ಪುಡಿಯ ಚೀಲ ದಪ್ಪ, ಗಟ್ಟಿ, ಒದ್ದೆಯಾದರೂ ಮೆತ್ತಗಾಗದು. ಅಳತೆಯ ಮಾದರಿ ಕತ್ತರಿಸಲು ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲವೆಂದು ಅವಳು ಒಂದು ಚೀಲವನ್ನೂ ಬಿಸಾಡುತ್ತಿರಲಿಲ್ಲ. ಗೋಡೆಯ ಮೊಳೆಯಲ್ಲಿ ದಾರಕ್ಕೆ ಪೋಣಿಸಿದ ನೂರಾರು ತುಂಡುಗಳು ತೂಗುತ್ತಿದ್ದವು. ಕಾಲರು, ತೋಳು, ಜೇಬು, ಪಟ್ಟಿ.

ಬ್ಯಾಚ್ ನಂಬರು ಹುಡುಕಲು ಗೊಂಚಲನ್ನು ನೆಲಕ್ಕೆ ಸುರಿದರು. ಡ್ರೈವರ್ ಕೂಡ ಚಕ್ಕಳಮಕ್ಕಳ ಹಾಕಿ ಕೂತ. ಕಾಲರಿನ ಒಂದು ಮಾದರಿಯ ಹಿಂದೆ ನಾಲ್ಕಂಕಿ ಸಿಕ್ಕಿತು. ಮುಂದಿನದು ಕತ್ತರಿಯ ಪಾಲಾಗಿತ್ತು. ಹಾಸಿಗೆಯಲ್ಲಿ ಮಲಗಿದ್ದ ಗುಬ್ಬಿ ಹೊದಿಕೆ ಸರಿಸಿ ಇಳಿದು ಬಂದಳು.

"ಅಮ್ಮಾ, ಈ ನೀಲಿ ಗೆರೆ ಇದರ ಜೊತೆ ಸೇರುತ್ತೆ ನೋಡು." ಅವಳ ಕೈಯಲ್ಲಿ ತೋಳಿನ ತುಂಡು. ಎರಡನ್ನೂ ಜೋಡಿಸಿದರೆ ಪೂರ್ತಿ ನಂಬರು, ಕೆಳಗೆ ತಯಾರಾದ ತಾರೀಖು. ಅಂಗಡಿಯ ಸೂಚನೆಯಲ್ಲಿದ್ದ ನಂಬರು ಅದೇ.

"ಕಂಪನಿಯ ಕಾಲರ್ ಹಿಡಿಯೋದು ಅಂದ್ರೆ ಇದೇನಾ?" ಎಂದ ಡ್ರೈವರ್. ಐದು ದಿನದ ಮೇಲೆ ಆ ಮನೆಯ ಮೂರೂ ಜನ ಒಟ್ಟಿಗೆ ನಕ್ಕರು. ನಗುತ್ತಲೇ ಅವನು ಮಗಳ ಬಡಕಲು ಮಣಿಕಟ್ಟು ನೋಡಿದ. ಸೂಜಿ ಚುಚ್ಚಿದ ಜಾಗ ಇನ್ನೂ ನೀಲಿಯಾಗಿತ್ತು. ಅವನ ನಗು ನಿಂತಿತು. "ಸಹಿ ಹಾಕೋದು ಬೇಡ ಕಣೇ," ಎಂದ.

ಹೊಲಿಗೆಯಕ್ಕ ಮೂಲೆಯಂಗಡಿಗೆ ಹೋದಳು. ನಾಲ್ಕು ಹೆಜ್ಜೆಯ ದಾರಿ ನಾಲ್ಕು ಮೈಲಿಯಾಗಿತ್ತು. ಗಲ್ಲಾದ ಎದುರು ನಿಂತು, ಸೆರಗಿನ ತುದಿ ಸುತ್ತುತ್ತಾ, ಹೇಗೋ ವಿಷಯ ಹೇಳಿ ಮುಗಿಸಿದಳು.

ಅಣ್ಣ ಗಲ್ಲಾದ ಕೆಳಗೆ ಬಗ್ಗಿ ಒಂದು ಫೈಲು ತೆಗೆದ. "ಇದನ್ನ ಕೇಳೋಕೆ ಇಷ್ಟು ಹೆದರಿಕೊಂಡು ಬಂದ್ಯಾ ತಂಗಿ? ನಿನ್ನ ಬಿಲ್ಲಿನ ನಕಲು ಇದು. ನನಗೆ ಆ ಮಾಲು ಬಂದ ಬಿಲ್ಲೂ ಇದೆ, ಅದರಲ್ಲೂ ನಂಬರ್ ಇದೆ. ಅಂಗಡಿ ಹೆಸರನ್ನೂ ಬರಿ. ಮಾರಿದ್ದು ನಾನೇ, ಸುಳ್ಳಲ್ಲವಲ್ಲ. ಎಲ್ಲಿ ಕರೆದ್ರೂ ಬಂದು ಹೇಳ್ತೀನಿ."

"ಅಣ್ಣಾ, ನಿಮ್ಮ ಮೇಲೆ ನನಗೆ..."

"ಗೊತ್ತು ಬಿಡು. ಆಸ್ಪತ್ರೆಗೆ ಹೋಗೋವಾಗ ಆ ಮಗು ನನ್ನ ಬೆನ್ನಿಗೆ ತಲೆ ಇಟ್ಟಿತ್ತು, ಬೆಂಕಿ ಹಾಗೆ ಸುಡ್ತಿತ್ತು. ನಾನು ಮರೀತೀನಾ?"

ಹೊಲಿಗೆಯಕ್ಕ ಅಂಗಡಿಯ ಮೆಟ್ಟಿಲ ಮೇಲೆಯೇ ಕಣ್ಣು ಒರೆಸಿಕೊಂಡಳು. ಬಾಯಿ ಮುಚ್ಚಿಕೊಂಡಿರುವುದೇ ಉಪಕಾರ ಸ್ಮರಣೆ ಎಂದು ತಿಳಿದಿದ್ದೆನಲ್ಲ, ಎಷ್ಟು ತಪ್ಪು ಎಂದು ಅವಳಿಗೆ ಅನ್ನಿಸಿತು.

ನಾಲ್ಕು ಗಂಟೆಗೆ ಸರಿಯಾಗಿ ಕಂಪನಿಯವನು ಬಂದ. ಹೊಲಿಗೆಯಕ್ಕ ಎರಡೂ ಚೀಲಗಳನ್ನು ಅವನ ಕೈಗಿಟ್ಟಳು.

"ಓದಿದೆ ತಮ್ಮಾ. ಸಹಿ ಹಾಕಲ್ಲ. ನಿಮ್ಮ ಮೇಲೆ ಸಿಟ್ಟಿಲ್ಲ. ಇನ್ಮೇಲೆ ಏನಿದ್ರೂ ಬರವಣಿಗೆಯಲ್ಲಿ ಕಳಿಸಿ."

ಸಹಿಯಿಲ್ಲದ ಕಾಗದವನ್ನೂ ಚೀಲಗಳ ಮೇಲಿಟ್ಟಳು.

ಮರುದಿನ ಆಹಾರ ಸುರಕ್ಷತಾ ಅಧಿಕಾರಿಯ ಕಚೇರಿಗೆ ದೂರು ಹೋಯಿತು. ಅಧಿಕಾರಿ ಬಂದು ಅಣ್ಣನ ಅಂಗಡಿಯಲ್ಲಿ ಒಡೆಯದೆ ಉಳಿದಿದ್ದ ಚೀಲಗಳಿಂದ ಮಾದರಿ ತೆಗೆದುಕೊಂಡು ಪರೀಕ್ಷೆಗೆ ಕಳಿಸಿದರು, ಅದರಲ್ಲೂ ಅದೇ ರೋಗಾಣು ಸಿಕ್ಕಿತು. ಪರಿಹಾರ ಕೇಳಿ ಕಂಪನಿಗೆ ಅಂಚೆಯಲ್ಲಿ ಪತ್ರ ಹೋಯಿತು. ಒಳ್ಳೆಯ ಉತ್ತರ ಬಾರದಿದ್ದಾಗ, ಟೈಪಿಸ್ಟಮ್ಮ ಗ್ರಾಹಕರ ನ್ಯಾಯಾಲಯಕ್ಕೆ ದೂರು ಟೈಪ್ ಮಾಡಿಕೊಟ್ಟರು. ಅದರ ಹಿಂದೆ ಆಸ್ಪತ್ರೆಯ ಚೀಟಿಗಳು, ಪುಡಿಯ ಪರೀಕ್ಷೆಯ ವರದಿ, ಅಣ್ಣನ ಬಿಲ್ಲು, ಎರಡು ಮಾದರಿ ತುಂಡುಗಳ ಫೋಟೋ. ಟೈಪಿಂಗಿನ ಕೂಲಿ ಎಂದು ಏನನ್ನೂ ತೆಗೆದುಕೊಳ್ಳಲಿಲ್ಲ. "ರವಿಕೆ ತೋಳು ಚೆನ್ನಾಗಿ ಕೂತಿದೆ, ಅಷ್ಟು ಸಾಕು" ಎಂದರು.

ಎಂಟು ತಿಂಗಳು ಹಿಡಿಯಿತು. ಡ್ರೈವರ್ ಎರಡು ಸಲ ಗೊಣಗಿದ, ಮೂರು ಸಲ ರಜೆ ಹಾಕಿ ಜೊತೆಗೆ ಬಂದ. ನ್ಯಾಯಾಲಯ ಕರೆದ ದಿನ ಅಣ್ಣ ಬಂದು, ನಡೆದದ್ದನ್ನು ನಡೆದ ಹಾಗೆ ಹೇಳಿದ. ಕೊನೆಗೆ ಕಂಪನಿ ಆಸ್ಪತ್ರೆಯ ಖರ್ಚನ್ನೂ ಪರಿಹಾರವನ್ನೂ ಕೊಡಬೇಕೆಂದು ತೀರ್ಪು ಬಂತು.

ಹೊಲಿಗೆಯಕ್ಕ ಆ ಸಂಜೆ ಟೈಪಿಸ್ಟಮ್ಮನ ಕಾಲು ಮುಟ್ಟಲು ಬಗ್ಗಿದಳು. ಅವರು ತಟ್ಟನೆ ಹಿಂದೆ ಸರಿದರು. "ಕಾಲು ಬಿಡೇ. ನಿನ್ನ ಹತ್ರ ಅಳತೆ ಕೊಡೋಕೆ ದಿನಕ್ಕೆ ಹತ್ತು ಹೆಂಗಸರು ಬರ್ತಾರಲ್ಲ? ಅವರಿಗೆ ಹೇಳು. ನನ್ನ ಋಣ ಹಾಗೆ ತೀರಿಸು."

ಅಂದಿನಿಂದ ಆ ಮನೆಗೆ ಬಟ್ಟೆ ಹೊಲಿಸಲು ಹೋದವರಿಗೆ ಈ ಕಥೆ ಕೇಳದೆ ವಾಪಸು ಬರಲು ಆಗುತ್ತಿಲ್ಲ. ಪಕ್ಕದ ಬೀದಿಯ ಇಬ್ಬರು ತಾಯಂದಿರು ತಮ್ಮ ಮಕ್ಕಳಿಗೂ ಅದೇ ಪುಡಿಯಿಂದ ಕಾಯಿಲೆಯಾಗಿತ್ತೆಂದು ಈಗ ದೂರು ಕೊಟ್ಟಿದ್ದಾರೆ. ಅವರು ಬಾಯಿ ಬಿಟ್ಟದ್ದು ಹೊಲಿಗೆಯಕ್ಕನ ಅಳತೆ ಪಟ್ಟಿ ತಮ್ಮ ಭುಜದ ಮೇಲಿದ್ದಾಗಲೇ.

ಓದುತ್ತಿರುವ ಅಕ್ಕ, ಅಣ್ಣ, ಈಗ ನಿಮ್ಮ ಸರದಿ. ಸಾಮಾನು ತಂದಾಗ ಬಿಲ್ಲು ಕೇಳಿ ಪಡೆಯಿರಿ. ಡಬ್ಬಿಗೆ ಸುರಿದರೂ, ಪೂರ್ತಿ ಮುಗಿಯುವವರೆಗೆ ಚೀಲವನ್ನು ಕತ್ತರಿಸದೆ ಇಡಿ. ಕಂಪನಿ ವಾಪಸು ಕರೆದ ಆಹಾರವನ್ನು ಒಂದು ಚಮಚವೂ ತಿನ್ನಬೇಡಿ. ತಿಂದು ಕಾಯಿಲೆಯಾದರೆ ಮೊದಲು ಆಸ್ಪತ್ರೆಗೆ ಹೋಗಿ. ಏನು ತಿಂದಿರಿ ಎಂದು ಡಾಕ್ಟರಿಗೆ ಹೇಳಿ, ಅದನ್ನು ಬರೆಸಿಕೊಳ್ಳಿ. ಮಿಕ್ಕದ್ದನ್ನು ಮುಚ್ಚಿಟ್ಟು ಆಹಾರ ಸುರಕ್ಷತಾ ಕಚೇರಿಗೆ ತಿಳಿಸಿ. ದೂರಿಗೆ ಕಾಲಮಿತಿ ಇರುತ್ತದೆ, ನಾಳೆ ನಾಡಿದ್ದು ಎನ್ನಬೇಡಿ. ಬಿಲ್ಲು ಕಳೆದಿದೆ ಎಂದು ಕೈಚೆಲ್ಲಲೂ ಬೇಡಿ. ಗ್ರಾಹಕರ ನ್ಯಾಯಾಲಯದಲ್ಲಿ, ಕಾನೂನು ನೆರವಿನ ಕಚೇರಿಯಲ್ಲಿ ಒಮ್ಮೆ ಕೇಳಿ ನೋಡಿ. ನಿಮ್ಮ ಮಗು ಉಳಿದದ್ದಕ್ಕೆ ಕೈ ಮುಗಿಯಿರಿ. ಮುಗಿದ ಕೈಯಿಂದಲೇ ದೂರು ಬರೆಯಿರಿ, ಇನ್ನೊಂದು ಮನೆಯ ಮಗು ಆ ಹಾಲು ಕುಡಿಯದಿರಲಿ.