ನೆಲ ಬಿಟ್ಟೆದ್ದ ಮನೆ

ಮಳೆಗಾಲ ಕಳೆದ ಮೇಲೆ ಮನೆಯನ್ನು ಹೊತ್ತು ನಿಂತ ಕಂಬಗಳ ಬುಡ ಕೆರೆದು ಗೆದ್ದಲು ಮಣ್ಣು ತೆಗೆಯುವುದು, ಆಮೇಲೆ ಹಳೆ ಎಂಜಿನ್ ಎಣ್ಣೆಯಲ್ಲಿ ಚಿಂದಿ ಬಟ್ಟೆ ಅದ್ದಿ ಬಳಿಯುವುದು ಬೆದ್ದುವಿನ ಕೆಲಸವಾಗಿತ್ತು. ಅವನು ಜ್ವರದಲ್ಲಿ ತೀರಿಕೊಂಡ ಮೇಲೆ ಹೆಂಡತಿ ಚೆನ್ನಿಂಗ್ ಅದನ್ನು ಮಾಡುತ್ತಿದ್ದಳು. ಆ ದಿನವೂ ಅವಳು ಮನೆಯಡಿಯ ನೆರಳಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕತ್ತಿಯ ಬೆನ್ನಿನಿಂದ ಕೆರೆಯುತ್ತಿದ್ದಾಗ ಗಂಡನ ಅಣ್ಣ ಹಾಜಿ ಸುಮಾಂಗೆ ಎಂಬವನು ಬಂದ. ಏಣಿ ಹತ್ತಲಿಲ್ಲ. ಬಗ್ಗಿ ಒಳಗೆ ಇಣುಕಿ, ಮಾವಿನ ಮರಕ್ಕೆ ಕೈಯೂರಿ ನಿಂತ.

ಊರಿನ ಒಂದೇ ಅಕ್ಕಿ ಗಿರಣಿ ಅವನದು. ಮೆಕ್ಕಾಕ್ಕೆ ಹೋಗಿ ಬಂದ ಮೇಲೆ ಅವನ ಮಾತು ಇನ್ನಷ್ಟು ಮೆತ್ತಗಾಗಿತ್ತು. ಮೆತ್ತಗೆ ಹೇಳಿದ್ದನ್ನು ಯಾರೂ ತಳ್ಳಿಹಾಕುತ್ತಿರಲಿಲ್ಲ. ಮಗನ ಮದುವೆ ಗೊತ್ತಾಗಿದೆ, ಸುಗ್ಗಿಯಾದ ಮೇಲೆ ಸೊಸೆ ಬರುತ್ತಾಳೆ, ಅವರಿಗೊಂದು ಮನೆ ಬೇಕು ಎಂದ. ಒಂಟಿ ಹೆಂಗಸಿಗೆ ಇಷ್ಟು ದೊಡ್ಡ ಮನೆ ಯಾಕೆ, ನಮ್ಮ ಹಿಂದಿನ ಕೋಣೆ ಖಾಲಿ ಇದೆ, ಊಟ ತಿಂಡಿ ನಮ್ಮೊಟ್ಟಿಗೇ ಆಗಲಿ ಎಂದ.

ಚೆನ್ನಿಂಗ್ ಕೆರೆಯುವುದನ್ನು ನಿಲ್ಲಿಸಲಿಲ್ಲ. "ಈ ಮನೆ ಏನಾಗತ್ತೆ ಭಾವ?"

"ಮನೆ ಎಲ್ಲಿಗೆ ಹೋಗತ್ತೆ? ಇಲ್ಲೇ ಇರತ್ತೆ. ನೆಲ ನಂದು, ನೆಲದ ಮೇಲಿರೋದೂ ನಂದೇ ತಾನೆ."

ನೆಲ ಅವನದೇ. ಅದರಲ್ಲಿ ಅವಳಿಗೆ ತಕರಾರಿರಲಿಲ್ಲ. ಬೆದ್ದು ಅಪ್ಪನ ಆಸ್ತಿಯಲ್ಲಿ ತನ್ನ ಪಾಲಿಗೆ ಗದ್ದೆ ತೆಗೆದುಕೊಂಡು ಅದನ್ನೂ ಕಾಯಿಲೆಯ ಖರ್ಚಿಗೆ ಕಳೆದುಕೊಂಡಿದ್ದ. ಮನೆಯ ಮಾತು ಬೇರೆ. ಇದರ ತೇಗವೆಲ್ಲ ಗುಡ್ಡದ ಮೇಲಿನ ಅವಳ ಅವ್ವನ ತೋಟದ್ದು. ಮಗಳ ಮದುವೆಗೆಂದು ಅವ್ವ ಮುಂದೆ ನಿಂತು ಕಡಿಸಿದ್ದಳು. ಬಡಗಿ ಅಂಬೊ ಲಾವು ಕಂಬ ನಿಲ್ಲಿಸುವಾಗ ಹೊಸ ಮದುಮಗಳಾದ ಚೆನ್ನಿಂಗ್ ಪಕ್ಕದಲ್ಲಿ ಕೂತು ಬೆಣೆಗಳಿಗೆ ಮರಳುಕಾಗದ ತಿಕ್ಕಿದ್ದಳು. ಯಾವ ಹಲಗೆಯ ಮೇಲೆ ಕಾಲಿಟ್ಟರೆ ಯಾವ ಸದ್ದು ಬರುತ್ತದೆಂದು ಕತ್ತಲಲ್ಲೂ ಹೇಳಬಲ್ಲಳು.

ಅವಳು ಕತ್ತಿಯಿಂದ ಕಂಬದಡಿಯ ಕಲ್ಲಿಗೆ ಟಣ್ಣೆಂದು ಬಡಿದಳು.

"ನೆಲ ನಿಮ್ದು. ಅದ್ರಲ್ಲಿ ನಂಗೊಂದು ಹಿಡಿ ಮಣ್ಣೂ ಬೇಡ. ಆದ್ರೆ ಮನೆ ನೆಲದೊಳಗೆ ಬೇರು ಬಿಟ್ಟಿಲ್ಲ ಭಾವ, ಕಲ್ಲಿನ ಮೇಲೆ ನಿಂತಿದೆ. ನಿಂತಿರೋದು ನಂದು."

ಹಾಜಿ ನಕ್ಕುಬಿಟ್ಟ. "ಹಾಗಾದ್ರೆ ಎತ್ಕೊಂಡು ಹೋಗು."

"ಹೋಗ್ತೀನಿ," ಎಂದಳು ಚೆನ್ನಿಂಗ್, ಮತ್ತೆ ಕೆರೆಯತೊಡಗಿದಳು.

ಆ ಮಾತು ಸಂಜೆಯೊಳಗೆ ಕಾಫಿ ಅಂಗಡಿ ಮುಟ್ಟಿತು. ಮನೆ ಎತ್ತಿಕೊಂಡು ಹೋಗುವುದು ಆ ಕಡೆ ಹೊಸದಲ್ಲ. ಆ ಸೀಮೆಯ ಬುಗಿಸ್ ಜನರ ಮರದ ಮನೆ ಬೇಕೆಂದಾಗ ಜಾಗ ಬದಲಿಸುತ್ತದೆ. ಆದರೆ ಅದಕ್ಕೆ ಹೆಗಲು ಬೇಕು, ಊರಿನ ಗಂಡಸರೆಲ್ಲ ಬರಬೇಕು. ಗಿರಣಿಯ ಹಾಜಿಯನ್ನು ಎದುರು ಹಾಕಿಕೊಂಡು ಯಾರು ಬರುತ್ತಾರೆ ಎಂದು ಅಂಗಡಿಯಲ್ಲಿ ಕೂತವರು ಒಬ್ಬರನ್ನೊಬ್ಬರು ಕೇಳಿಕೊಂಡರು. ಎತ್ತಿದರೂ ಎಲ್ಲಿ ಇಡುತ್ತಾಳೆ ಎನ್ನುವುದು ಇನ್ನೊಂದು ತಮಾಷೆಯಾಯಿತು.

ಇಡಲು ಅವಳಿಗಿದ್ದದ್ದು ಅವ್ವ ಬಿಟ್ಟುಹೋದ ತುಂಡು ಜಾಗ, ಊರಿನ ಕೆಳತುದಿಯಲ್ಲಿ, ಕಾಲುವೆಯ ಪಕ್ಕ. ಕೆಸುವಿನ ಗಿಡ, ಜೊಂಡು, ಮೊಣಕಾಲಿನವರೆಗೆ ಕೆಸರು. ಎಮ್ಮೆಗಳು ಮಧ್ಯಾಹ್ನ ಬಂದು ಮಲಗುತ್ತಿದ್ದವು. ಮನೆ ಇಟ್ಟರೆ ಏಣಿಯ ಬದಲು ದೋಣಿ ಕಟ್ಟಿಕೊಳ್ಳಬೇಕಾಗುತ್ತದೆ ಎಂದು ಯಾರೋ ಅಂದದ್ದು ಅವಳ ಕಿವಿಗೂ ಬಿತ್ತು.

ಅವಳು ಗುದ್ದಲಿ ಹಿಡಿದು ಅಲ್ಲಿಗೆ ಹೋದಳು. ಮೊದಲು, ಮಳೆಗಾಲ ಮುಗಿದರೂ ಆಗೀಗ ಬೀಳುತ್ತಿದ್ದ ಮಳೆ ಎರಡು ಸಲ ಬರುವವರೆಗೆ ಏನೂ ಮಾಡದೆ, ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆಂದು ಕೊಡೆ ಹಿಡಿದು ನೋಡಿದಳು. ಮೇಲಿನ ರಸ್ತೆಯ ನೀರೆಲ್ಲ ಒಂದೇ ಮೂಲೆಯಿಂದ ನುಗ್ಗುತ್ತಿತ್ತು. ಆ ಮೂಲೆಯಿಂದ ಸುತ್ತು ಹಾಕಿ ಕಾಲುವೆಗೆ ಸೇರುವಂತೆ ಚರಂಡಿ ತೋಡಿದಳು. ತೋಡಿದ ಮಣ್ಣನ್ನು ನಡುವೆ ಸುರಿದು ಒನಕೆಯಿಂದ ಕುಟ್ಟಿದಳು. ಹೊಳೆಯ ಜಲ್ಲಿಯನ್ನು ಬುಟ್ಟಿಯಲ್ಲಿ ಹೊತ್ತು ತಂದು ಮೇಲೆ ಹಾಸಿ ಮತ್ತೆ ಕುಟ್ಟಿದಳು. ದಿಬ್ಬದ ಅಂಚು ಜರಿಯದಂತೆ ನಿಂಬೆಹುಲ್ಲು ನೆಟ್ಟಳು. ಅಂಗೈ ಬೊಬ್ಬೆಯೆದ್ದು ಒಡೆದು, ಗಟ್ಟಿಯಾಗಿ, ಗುದ್ದಲಿಯ ಹಿಡಿಗೆ ಒಗ್ಗಿತು. ಎಮ್ಮೆಗಳು ಎರಡು ದಿನ ಬಂದು ನಿಂತು ನೋಡಿ ಬೇರೆ ಜಾಗ ಹುಡುಕಿಕೊಂಡವು.

ಹಿತ್ತಿಲಿನ ವಿಷಯದಲ್ಲೂ ಅವಳು ಕಟ್ಟುನಿಟ್ಟು. ಬೇರೂರಿದ್ದು ಭಾವನದು ಎಂದು ಮಾವು, ತೆಂಗು, ನುಗ್ಗೆಯನ್ನು ಮುಟ್ಟಲಿಲ್ಲ. ನುಗ್ಗೆಯ ಕೊಂಬೆಗಳನ್ನಷ್ಟೇ ಕಡಿದು ತಂದು ಹೊಸ ಚರಂಡಿಯ ಬದಿಗೆ ಊರಿದಳು. ತಾನೇ ನೆಟ್ಟ ಬಾಳೆಯ ಕಂದು, ಅರಿಶಿನದ ಗೆಡ್ಡೆ ಕಿತ್ತು ತಂದಳು. ಕಿತ್ತ ಗುಂಡಿಗಳನ್ನು ಮುಚ್ಚಿ, ಕಾಲಿನಿಂದ ತುಳಿದು ಮಟ್ಟ ಮಾಡಿದಳು.

ಮನೆ ಎತ್ತಲು ಅಣಿಮಾಡಿಕೊಡಿ ಎಂದು ಕೇಳಿದರೆ ಬಡಗಿ ಅಂಬೊ ಲಾವು ಒಪ್ಪಲಿಲ್ಲ. ಮುದುಕನಿಗೆ ಹಾಜಿಯ ಮದುವೆ ಚಪ್ಪರದ ಕೆಲಸ ಬಂದಿತ್ತು. ಮೊಣಕಾಲು ನೋವು ಎಂದ, ಕಣ್ಣು ಮಂಜು ಎಂದ. ಚೆನ್ನಿಂಗ್ ಅವನ ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು.

"ಆಯ್ತು ಬಿಡಿ ಅಂಬೊ. ನಾನೇ ಬೆಣೆ ಬಿಗಿಮಾಡ್ಕೋತೀನಿ. ಯಾವ ಕಡೆಯಿಂದ ಹೊಡೀಬೇಕು ಅಂತ ಸರಿಯಾಗಿ ನೆನಪಿಲ್ಲ, ಅಂದಾಜಿನ ಮೇಲೆ ಹೊಡೀತೀನಿ. ನಡುದಾರೀಲಿ ಮನೆ ಕುಸಿದ್ರೆ ಜನ ನನ್ನೇನೂ ಅನ್ನಲ್ಲ. ಯಾರು ಕಟ್ಟಿದ್ದು ಅಂತ ಕೇಳ್ತಾರೆ."

ಮುದುಕ ಮೊಣಕಾಲು ನೀವಿಕೊಂಡ. "ನಿನ್ನವ್ವನೂ ಹೀಗೇ ಇದ್ಲು," ಎಂದು ಗೊಣಗಿದ. ಮರುದಿನ ಬೆಳಿಗ್ಗೆ ಕೊಡತಿ ಹಿಡಿದು ಬಂದ.

ಅವನು ಪ್ರತಿ ತೊಲೆಯನ್ನೂ ತಟ್ಟಿ ಕೇಳಿದ. ಸಡಿಲವಾಗಿದ್ದ ಬೆಣೆಗಳನ್ನು ಹೊಡೆದು ಕೂರಿಸಿದ. ಅಡುಗೆಮನೆಯ ಕಡೆಯ ಒಂದು ಕಂಬದ ಕಾಲು ಟೊಳ್ಳಾಗಿತ್ತು. ಅದನ್ನು ಕೊಯ್ದು ಹೊಸ ಮರದ ತುಂಡು ಬೆಸೆದ. ಭಾರ ಕಡಿಮೆಯಾಗಲೆಂದು ಹಿಂದಿನ ಅಡುಗೆಮನೆಯನ್ನು ಕಳಚಿ ಬೇರೆಯಾಗಿ ಸಾಗಿಸಲು ಹೇಳಿದ. ಬೀರು, ಪಾತ್ರೆ, ಕಿಟಕಿಯ ಗಾಜು ಮುಂಚೆಯೇ ಹೋದವು. ಕಡೆಗೆ ಬಿದಿರಿನ ಗಳುಗಳನ್ನು ಉದ್ದಕ್ಕೂ ಅಡ್ಡಕ್ಕೂ ಕಂಬಗಳಿಗೆ ಬಿಗಿದ. ಮನೆಯ ಹೊಕ್ಕುಳು ಎನ್ನುವ ನಡುಗಂಬಕ್ಕೆ ಬಿಳಿ ಬಟ್ಟೆ ಸುತ್ತಿ ಒಂದು ಕ್ಷಣ ಅಂಗೈಯಿಟ್ಟು ನಿಂತ.

ಶುಕ್ರವಾರ ನಮಾಜಿನ ಬಳಿಕ ಎತ್ತುವುದೆಂದು ಗೊತ್ತಾಯಿತು. ಹಿಂದಿನ ಸಂಜೆ ಹಾಜಿ ಕಾಫಿ ಅಂಗಡಿಗೆ ಬಂದು, ಎಂದಿನ ಮೆತ್ತನೆಯ ದನಿಯಲ್ಲಿ, ನಾಳೆ ಆ ಮನೆಗೆ ಹೆಗಲು ಕೊಡುವವರು ಈ ಸಲದ ಭತ್ತವನ್ನು ಬೇರೆ ಕಡೆ ಕುಟ್ಟಿಸಿಕೊಳ್ಳಬಹುದು ಎಂದು ಹೇಳಿ ಹೋದನಂತೆ. ಬೇರೆ ಗಿರಣಿ ಇದ್ದದ್ದು ಹೊಳೆಯಾಚೆ.

ಶುಕ್ರವಾರ ಬೆಳಗಿನಿಂದ ಚೆನ್ನಿಂಗ್‌ಳೂ ನೆರೆಯ ಹಾಲಿಜಾಳೂ ಇತರ ಹೆಂಗಸರೂ ಬಾಳೆಹಣ್ಣು ಅರೆದು, ತೆಂಗಿನಹಾಲು ಸಕ್ಕರೆ ಕಲಸಿ, ಎಲೆಯಲ್ಲಿ ಮಡಿಚಿ ಬರೋಂಗ್ಕೊ ಬೇಯಿಸಿದರು. ಮನೆ ಎತ್ತುವವರಿಗೆ ಅದನ್ನು ಕೊಡುವುದು ಪದ್ಧತಿ. ನಮಾಜು ಮುಗಿಯಿತು. ಬಂದವರು ಬೆರಳೆಣಿಕೆಯಷ್ಟು, ಗದ್ದೆಯೇ ಇಲ್ಲದ ಮೀನುಗಾರರು. ಉಳಿದವರು ಕಾಫಿ ಅಂಗಡಿಯ ಬೆಂಚುಗಳಲ್ಲಿ ಕೂತು ಈ ಕಡೆಗೇ ನೋಡುತ್ತಿದ್ದರು. ಹಾಜಿ ತನ್ನ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡಿದ್ದ.

ಅಂಬೊ ಲಾವು ಗಳುಗಳನ್ನೂ ಜನರನ್ನೂ ನೋಡಿ ತಲೆಯಾಡಿಸಿದ. ಸಾಲದು ಎಂದ. ಇನ್ನೊಂದು ಶುಕ್ರವಾರ ನೋಡೋಣ ಎಂದ.

ಚೆನ್ನಿಂಗ್‌ಳ ಕಣ್ಣು ಹಾಜಿಯ ಜಗಲಿಯ ಕಡೆ ಹೋಯಿತು. ಇನ್ನೊಂದು ಶುಕ್ರವಾರ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಇವತ್ತು ಮನೆ ಏಳದಿದ್ದರೆ ನಾಳೆ ಭಾವ ಏಣಿ ಹತ್ತಿ ಒಳಗೆ ಬರುತ್ತಾನೆ, ಯಾವ ಗೋಡೆಗೆ ಯಾವ ಬಣ್ಣವೆಂದು ಮಾತಾಡುತ್ತಾನೆ. ಕೈಯಲ್ಲಿದ್ದ ಸೌಟನ್ನು ಪಾತ್ರೆಯ ಮೇಲಿಟ್ಟಳು. ಉಟ್ಟಿದ್ದ ಸಾರೋಂಗ್ ಲುಂಗಿಯನ್ನು ಸೊಂಟಕ್ಕೆ ಬಿಗಿದು ಕಟ್ಟಿ, ಮನೆಯಡಿಗೆ ನಡೆದು, ನಡುಗಂಬದ ಪಕ್ಕದ ಗಳುವಿಗೆ ಹೆಗಲು ಕೊಟ್ಟು ನಿಂತಳು.

ಮನೆ ಎತ್ತುವುದು ಗಂಡಸರ ಕೆಲಸ, ಹೆಂಗಸರದು ಒಲೆ. ಒಬ್ಬ ಮುದುಕಿ, ಹೆಂಗಸು ಹೆಗಲು ಕೊಟ್ಟ ಮನೆಗೆ ಒಳ್ಳೇದಾಗಲ್ಲ ಎಂದಳು.

"ಗದ್ದೆಯಿಂದ ಭತ್ತದ ಮೂಟೆ ಹೊತ್ಕೊಂಡು ಬರುವಾಗ ಯಾರೂ ಹಾಗನ್ಲಿಲ್ಲವಲ್ಲ ಅಜ್ಜಿ," ಎಂದಳು ಚೆನ್ನಿಂಗ್. ಗಳುವಿನಿಂದ ಹೆಗಲು ತೆಗೆಯಲಿಲ್ಲ.

ಹಾಲಿಜಾ ಕೈ ಒರೆಸಿಕೊಂಡು ಎದ್ದಳು. "ಅಕ್ಕ, ಸ್ವಲ್ಪ ಆ ಕಡೆ ಸರಿ," ಎಂದು ಪಕ್ಕದಲ್ಲಿ ನಿಂತಳು. ಆಮೇಲೆ ಒಲೆಯ ಸುತ್ತ ಇದ್ದವರು ಒಬ್ಬೊಬ್ಬರಾಗಿ ಬಂದರು. ಒಬ್ಬಳು ಬಾಳೆಹಣ್ಣಿನ ಅಂಟು ಮೆತ್ತಿದ ಕೈಯಲ್ಲೇ ಗಳು ಹಿಡಿದಳು. ಕೆಲವರು ನಗುತ್ತಿದ್ದರು, ಕೆಲವರ ಮುಖ ಬಿಳಚಿಕೊಂಡಿತ್ತು.

ಕಾಫಿ ಅಂಗಡಿಯಲ್ಲಿ ಮೊದಲು ಎದ್ದದ್ದು ಹಾಲಿಜಾಳ ಗಂಡ. ತನ್ನ ಹೆಂಡತಿ ಮನೆ ಹೊರುವುದನ್ನು ಕೂತು ನೋಡಿದೆನೆಂದು ಜೀವಮಾನವಿಡೀ ಕೇಳಿಸಿಕೊಳ್ಳಲು ಅವನು ತಯಾರಿರಲಿಲ್ಲ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಯಾರೂ ಹಾಜಿಯ ಜಗಲಿಯ ಕಡೆ ನೋಡಲಿಲ್ಲ. ಬಂದವರು ಗಳು ಬಿಡಿ ಎಂದು ಹೆಂಗಸರಿಗೆ ಹೇಳಿದರು. ಹೆಂಗಸರು ಬಿಡಲಿಲ್ಲ. ಕೊನೆಗೆ ಎಲ್ಲರೂ ಒತ್ತಿಕೊಂಡೇ ನಿಂತರು.

ಅಂಬೊ ಲಾವು ಕೂಗಿದ. ಗಳುಗಳು ಕಿರುಗುಟ್ಟಿದವು. ತೇಗದ ಕಂಬಗಳು ಒಂದು ಗಳಿಗೆ ಹಟ ಹಿಡಿದಂತೆ ನಿಂತು, ಆಮೇಲೆ ಕಲ್ಲು ಬಿಟ್ಟು ಮೇಲೆದ್ದವು. ತನ್ನ ಇಡೀ ಸಂಸಾರದ ಭಾರ ಹೆಗಲೆಲುಬಿಗೆ ಬಂದು ಕೂತಾಗ ಚೆನ್ನಿಂಗ್ ನೋವಿಗೆ ಹಲ್ಲು ಕಚ್ಚಿದಳು, ಆದರೂ ಅವಳಿಗೆ ನಗು ಬಂತು.

ಮನೆ ಅಂಗಳ ದಾಟಿ, ಮಸೀದಿಯ ಮುಂದಿನಿಂದ ಹಾದು, ಕಾಲುವೆ ರಸ್ತೆಯ ತಿರುವಿಗೆ ಬಂದಾಗ ನಿಲ್ಲಬೇಕಾಯಿತು. ರಸ್ತೆಗೆ ಅಡ್ಡಲಾಗಿ ಹಾಜಿಯ ಟ್ರ್ಯಾಕ್ಟರ್ ನಿಂತಿತ್ತು. ಬೇರೆ ದಾರಿಯಿಂದ ಮುಂದೆ ಬಂದಿದ್ದ ಹಾಜಿ ಪಕ್ಕದಲ್ಲಿದ್ದ. ಗಾಡಿ ಕೆಟ್ಟಿದೆ, ನಾಳೆ ಮೆಕ್ಯಾನಿಕ್ ಬರಬೇಕು ಎಂದ. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಹಾಲಿಜಾಳ ತೋಟದ ಬೇಲಿ, ಅದರಾಚೆ ಅವಳ ಅಲಸಂದೆಯ ಚಪ್ಪರಗಳು. ಹೆಗಲುಗಳು ನಡುಗುತ್ತಿದ್ದವು. ಮನೆಯನ್ನು ರಸ್ತೆಯಲ್ಲಿ ಇಳಿಸಿದರೆ ಮತ್ತೆ ಎತ್ತುವ ಹುಮ್ಮಸ್ಸು ಉಳಿಯುತ್ತಿರಲಿಲ್ಲ.

ಹಾಲಿಜಾ ಗಳು ಬಿಟ್ಟು ಓಡಿದಳು. ಬೇಲಿಯ ಗೂಟಗಳನ್ನು ಕಿತ್ತೆಸೆದಳು. ಚಪ್ಪರದ ಕಡ್ಡಿಗಳನ್ನು ಎರಡೂ ಕೈಯಿಂದ ಎಳೆದು ಕೆಡವಿದಳು. ಬಳ್ಳಿಗಳ ತುಂಬ ಎಳೆಯ ಕಾಯಿ ಜೋತಾಡುತ್ತಿತ್ತು.

"ತುಳ್ಕೊಂಡು ಬನ್ನಿ," ಎಂದು ಕೂಗಿದಳು. "ಈ ಸಲ ಎಲ್ಲ ಹುಳ ತಿಂದು ಹಾಕಿದೆ, ಏನೂ ಉಳಿದಿಲ್ಲ."

ಹುಳ ಬಿದ್ದಿರಲಿಲ್ಲ. ಎಲ್ಲರಿಗೂ ಕಾಣುತ್ತಿತ್ತು. ಮನೆಯನ್ನು ತಿರುಗಿಸಿ ಅಲಸಂದೆಯ ಸಾಲುಗಳ ಮೇಲೆ ನಡೆದರು. ಹಾಜಿಯ ಮುಂದೆ ಹಾಯುವಾಗ ಚೆನ್ನಿಂಗ್ ಕತ್ತು ತಿರುಗಿಸಿ ಅವನನ್ನೇ ನೋಡಿದಳು. ಅವನು ಟೋಪಿ ತೆಗೆದು ನೆತ್ತಿ ಒರೆಸಿಕೊಂಡ.

ಹೊಸ ದಿಬ್ಬದ ಮೇಲೆ ಅಂಬೊ ಲಾವು ಕಲ್ಲುಗಳನ್ನು ಜೋಡಿಸಿಟ್ಟಿದ್ದ. ಮನೆಯನ್ನು ಅಂಗುಲ ಅಂಗುಲ ಸರಿಸಿ ಕಲ್ಲಿನ ಮೇಲೆ ಕೂರಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಬರೋಂಗ್ಕೊ ಬಿಚ್ಚಿ ತಿನ್ನುತ್ತಾ ಜನ ಚರಂಡಿಯ ದಂಡೆಯಲ್ಲಿ ಕೂತರು. ಗಂಡಸರು ಹೆಗಲು ತೋರಿಸಿ ಕೊಚ್ಚಿಕೊಂಡರು, ಹೆಂಗಸರು ತಮ್ಮ ಹೆಗಲು ತೋರಿಸಿ ಅವರ ಬಾಯಿ ಮುಚ್ಚಿಸಿದರು. ಚೆನ್ನಿಂಗ್ ಮಾತ್ರ ಪೊರಕೆ ಹಿಡಿದು ಹಳೆಯ ಜಾಗಕ್ಕೆ ಹೋಗಿ, ಅಂಗಳ ಗುಡಿಸಿ, ಕಸ ಒಂದು ಮೂಲೆಗೆ ಸೇರಿಸಿ ಬಂದಳು. ಭಾವನ ನೆಲ ಭಾವನಿಗೆ ಚೊಕ್ಕಟವಾಗಿ ಸಿಗಲಿ, ಯಾರೂ ಬಾಯಿ ಮಾಡುವಂತಾಗಬಾರದು.

ಹಾಜಿ ಒಂದು ವಾರ ಗಿರಣಿಯ ಬಾಗಿಲು ತೆರೆಯಲಿಲ್ಲ. ಭತ್ತ ಹೊಳೆಯಾಚೆಗೆ ಹೋಗತೊಡಗಿದಾಗ ಎಂಟನೆಯ ದಿನ ಸದ್ದಿಲ್ಲದೆ ತೆರೆದ. ಮಗ ಸೊಸೆ ಅವನ ಹಿಂದಿನ ಕೋಣೆಯಲ್ಲೇ ಸಂಸಾರ ಹೂಡಿದರು. ಚೆನ್ನಿಂಗ್ ಮದುವೆಗೆ ಹೋಗಿ ಉಂಡು ಬಂದಳು. ಹಾಲಿಜಾಳ ತೋಟಕ್ಕೆ ಹೊಸ ಬೇಲಿ ಕಟ್ಟಿ, ಅವಳೊಂದಿಗೆ ಅಲಸಂದೆ ಬಿತ್ತಿದಳು.

ಮುಂದಿನ ಮಳೆಗಾಲದ ಮೊದಲ ದೊಡ್ಡ ಮಳೆ ಮೂರು ದಿನ ಬಿಡದೆ ಹೊಯ್ದಿತು. ಚರಂಡಿ ತುಂಬಿ ಹರಿಯಿತು, ನೀರು ದಿಬ್ಬ ಹತ್ತಲಿಲ್ಲ. ಆದರೆ ಕಾಲುವೆ ಕಡೆಯ ಮೂಲೆಯಲ್ಲಿ ಮಣ್ಣು ಕುಸಿದು ಒಂದು ಕಂಬ ಗೇಣುದ್ದ ಇಳಿಯಿತು. ಮನೆ ಒಂದು ಕಡೆಗೆ ವಾಲಿತು. ಒಳಗೆ ನೆಲದ ಮೇಲಿಟ್ಟ ತೆಂಗಿನಕಾಯಿ ಉರುಳಿಕೊಂಡು ಗೋಡೆ ಸೇರಿತು. ಮಳೆ ನಿಂತ ಬೆಳಿಗ್ಗೆ ಹಾಜಿ ಆ ದಾರಿಯಲ್ಲಿ ಬಂದವನು ಛತ್ರಿ ಮಡಿಸಿ ನಿಂತು ನೋಡಿದ.

"ಈ ಕೆಸರಲ್ಲಿ ಮನೆ ನಿಲ್ಲಲ್ಲ ಅಂತ ನಾನು ಆಗ್ಲೇ ಅಂದ್ಕೊಂಡಿದ್ದೆ," ಎಂದ.

ಚೆನ್ನಿಂಗ್ ಕೆಳಗೆ ಕೆಸರಿನಲ್ಲಿ ನಿಂತು ಆ ಕಂಬದ ಬುಡಕ್ಕೆ ದಪ್ಪ ಮರದ ಸನ್ನೆಗೋಲು ತೂರಿಸುತ್ತಿದ್ದಳು. ಪಕ್ಕದಲ್ಲಿ ಚಪ್ಪಟೆ ಕಲ್ಲುಗಳ ರಾಶಿಯಿತ್ತು, ಅಂಬೊ ಲಾವು ಒಂದು ಕಲ್ಲು ಹಿಡಿದು ಕಾಯುತ್ತಿದ್ದ.

"ಇಡೀ ಮನೇನೇ ಎತ್ತಾಯ್ತು ಭಾವ, ಒಂದು ಮೂಲೆ ಎತ್ತಕ್ಕಾಗಲ್ವಾ?" ಎಂದಳು. "ಹೊರಗೆ ಯಾಕೆ ನಿಂತ್ರಿ, ಕಾಲು ತೊಳ್ಕೊಂಡು ಮೇಲೆ ಹೋಗಿ ಕೂತ್ಕೊಳ್ಳಿ. ಇದು ಮುಗಿಸಿ ಕಾಫಿ ಕಾಯಿಸ್ತೀನಿ."

ಅವನು ಬರುತ್ತಾನೋ ಇಲ್ಲವೋ ಎಂದು ಅವಳು ನೋಡಲಿಲ್ಲ. ಸನ್ನೆಗೋಲಿನ ತುದಿಗೆ ಮೈಭಾರ ಹಾಕಿ ಜೋತುಬಿದ್ದಳು. ಕಂಬ ಕಿರ್ರೆಂದು ಮೇಲೇರಿತು. ಅಂಬೊ ಕಲ್ಲನ್ನು ಕಂಬದಡಿಗೆ ತಳ್ಳಿದ.