ಮೂರನೆಯ ಡಬ್ಬಿ

"ಡಬ್ಬಿ ನೆಟ್ಟಗೇ ಹಿಡೀಬೇಕಂತೆ, ಇಲ್ಲಿ ಬರೆದಿದ್ದಾರೆ ನೋಡು," ಎಂದಳು ತಂಗಿ, ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಡಬ್ಬಿಯ ಜೊತೆ ಬಂದ ಚೀಟಿ ಓದುತ್ತ.

ಅಣ್ಣ ಕಾರಿನ ಬಾನೆಟ್ಟಿನಡಿಯಿಂದ ತಲೆ ಎತ್ತಲಿಲ್ಲ. "ನೀನು ಓದ್ತಾ ಇರು, ನಾನು ಮಾಡ್ತಾ ಇರ್ತೀನಿ."

ಕಾರಿನ ಎ.ಸಿ.ಗೆ ತುಂಬುವ ಗ್ಯಾಸಿನದು, ಒಂದೇ ತಿಂಗಳಲ್ಲಿ ಇದು ಮೂರನೆಯ ಡಬ್ಬಿ. ಗ್ಯಾಸ್ ತುಂಬಿದ ಮೇಲೆ ನಾಲ್ಕು ದಿನ ಎ.ಸಿ. ತಣ್ಣಗೆ ಬೀಸುತ್ತಿತ್ತು, ಐದನೆಯ ದಿನ ಮತ್ತೆ ಒಲೆಯ ಬಾಯಿ. ಬೇರೆಯವರಾದರೆ ಕಿಟಕಿ ಇಳಿಸಿಕೊಂಡು ಹೋಗುತ್ತಿದ್ದರು. ತಂಗಿಯದು ನರದ ಕಾಯಿಲೆ. ಮೈ ಸ್ವಲ್ಪ ಕಾದರೂ ಕಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ನಾಳೆ ಹತ್ತು ಗಂಟೆಗೆ ಅವಳಿಗೆ ಸಂದರ್ಶನ. ಮೂರು ಗಂಟೆಯ ದಾರಿ. ಕೂತಲ್ಲೇ ಮಾಡಬಹುದಾದ ನಕ್ಷೆ ಬಿಡಿಸುವ ಕೆಲಸ; ಎರಡು ವರ್ಷದಲ್ಲಿ ಬಂದ ಮೊದಲ ಕರೆ.

"ಬೆಳಗಿನ ಜಾವಾನೇ ಹೊರಟುಬಿಡೋಣ ಅಂದೆ. ಕೇಳಿದ್ಯಾ?"

"ಕಳ್ಳರ ಥರ ಕತ್ತಲಲ್ಲಿ ಯಾಕೆ ಹೋಗಬೇಕು? ಆರಾಮಾಗಿ ಕರ್ಕೊಂಡು ಹೋಗ್ತೀನಿ."

ಅವಳು ಹಟ ಹಿಡಿದದ್ದಕ್ಕೆ ರಕ್ಷಣೆಯ ಕನ್ನಡಕವೇನೋ ಹಾಕಿಕೊಂಡಿದ್ದ. ಕೈಗವಸು ಜಾರುತ್ತದೆಂದು ಕಿತ್ತೆಸೆದಿದ್ದ. ಎಂಜಿನ್ ಓಡುತ್ತಿತ್ತು. ಡಬ್ಬಿಯಿಂದ ಎಂಜಿನ್ನಿಗೆ ಜೋಡಿಸಿದ ಕೊಳವೆಯ ಮೇಲಿನ ಮಾಪಕದ ಮುಳ್ಳು ಹಸಿರು ದಾಟಿ ಕೆಂಪಿಗೆ ಬಂದರೂ ಒಳಗೆ ಬೀಸುತ್ತಿದ್ದುದು ಬಿಸಿಗಾಳಿಯೇ.

"ಮುಳ್ಳು ಎಲ್ಲಿದೆ?"

"ಈ ಮಾಪಕಾನೇ ಸರಿ ಇಲ್ಲ." ರೋಸಿಹೋಗಿ ಅವನು ಡಬ್ಬಿಯನ್ನು ತಲೆಕೆಳಗು ಮಾಡಿ ಜೋರಾಗಿ ಅಲ್ಲಾಡಿಸಿದ.

ಕೊಳವೆಯ ಬುಡದಿಂದ ಬುಸ್ಸೆಂದು ಬಿಳಿ ಹೊಗೆ ಚಿಮ್ಮಿತು. ಕನ್ನಡಕದ ಗಾಜು ಮಂಜಾಯಿತು. ಅವನು ಕಿರುಚಿ ಡಬ್ಬಿ ಬಿಟ್ಟ. ಅದು ಕೊಳವೆಯ ತುದಿಗೆ ಜೋತುಬಿದ್ದು ಬುಸುಗುಡುತ್ತಲೇ ಇತ್ತು. ಬಲಗೈಯ ಎರಡು ಬೆರಳು ಹೆಪ್ಪುಗಟ್ಟಿ ಸುಣ್ಣದಂತೆ ಬೆಳ್ಳಗಾಗಿದ್ದವು. ಕೊಳವೆ ಬಿಡಿಸಲು ಹೋದರೆ ಬೆರಳು ಮಡಚಲೇ ಇಲ್ಲ. ಎಂಜಿನ್ನಿನೊಳಗೆ ಏನೋ ಊಳಿಡತೊಡಗಿತು.

"ದೂರ ಸರಿ! ಅದನ್ನ ಮುಟ್ಟಬೇಡ!" ಎಂದು ತಂಗಿ ಕೂಗಿದಳು.

ಅವಳು ಊರುಗೋಲು ಹುಡುಕಲಿಲ್ಲ. ಗೋಡೆ ಹಿಡಿದು ಎದ್ದು, ಸುಡುವ ಅಂಗಳದಲ್ಲಿ ಹತ್ತು ಹೆಜ್ಜೆ ನಡೆದು, ಕಾರಿನೊಳಗೆ ಕೈ ಚಾಚಿ ಕೀಲಿ ತಿರುಗಿಸಿದಳು. ಎಂಜಿನ್ನಿನ ಸದ್ದು ನಿಂತಿತು. ಮರುಕ್ಷಣವೇ ಮೊಣಕಾಲು ಕುಸಿದು ಕಾರಿನ ಬಾಗಿಲಿಗೆ ಒರಗಿ ಕೂತಳು.

"ನೀನ್ಯಾಕೆ ಎದ್ದು ಬಂದೆ?" ಎಂದು ಅವನು ಗದರಿದ.

"ನಿನಗೆ ಹೇಳಿ ಹೇಳಿ ಸಾಕಾಯ್ತು, ಅದಕ್ಕೆ."

ವೈದ್ಯರು ಉಗುರುಬೆಚ್ಚನೆಯ ನೀರಿನಲ್ಲಿ ಬೆರಳು ಅದ್ದಿಸಿ ಪಟ್ಟಿ ಕಟ್ಟಿದರು. ಸಂಜೆ ಬಂದ ಮೆಕ್ಯಾನಿಕ್ ಕಾರನ್ನು ನೋಡಿ ನಿಟ್ಟುಸಿರು ಬಿಟ್ಟ.

"ಗ್ಯಾಸ್ ಏನು ಪೆಟ್ರೋಲಾ ಸ್ವಾಮಿ, ಉರಿದು ಖಾಲಿಯಾಗೋಕೆ? ಕಮ್ಮಿ ಆಗ್ತಿದೆ ಅಂದ್ರೆ ಎಲ್ಲೋ ಸೋರ್ತಿದೆ. ಮೊದಲು ಅದನ್ನ ಮುಚ್ಚಬೇಕು. ಆಮೇಲೆ ಒಳಗಿನ ಗಾಳಿ, ತೇವ ಎಲ್ಲ ಯಂತ್ರದಲ್ಲಿ ಎಳೆದು, ತೂಕ ಮಾಡಿ ತುಂಬಬೇಕು. ಎರಡು ದಿನ ಬೇಕು. ಅಲ್ಲೀವರೆಗೂ ಎ.ಸಿ. ಗುಂಡಿ ಮುಟ್ಟಬೇಡಿ, ಗಾಡಿ ಓಡ್ಸಿ."

ಮೆಕ್ಯಾನಿಕ್ ಹೋದ ಮೇಲೆ ಅಣ್ಣ ಗಡಿಯಾರದಲ್ಲಿ ಬೆಳಗಿನ ನಾಲ್ಕು ಗಂಟೆಗೆ ಅಲಾರಂ ಇಟ್ಟ.

ಬೆಳಕು ಹರಿಯುವ ಮೊದಲೇ ಅವಳು ಮುಂದಿನ ಸೀಟಿನಲ್ಲಿ ಕೂತಿದ್ದಳು. ಕಿಟಕಿಗಳೆಲ್ಲ ಇಳಿದಿದ್ದವು. ಅಣ್ಣ ಹೊರಗೆ ಬಗ್ಗಿ, ಪಟ್ಟಿ ಕಟ್ಟಿದ ಕೈಯಲ್ಲಿ ಬೂಟಿನ ಲಾಡಿಯೊಡನೆ ಗುದ್ದಾಡಿ, ಬೈದುಕೊಂಡು ನೆಟ್ಟಗಾದ.

"ತಾ ಇಲ್ಲಿ," ಎಂದಳು.

ಅವನು ಕಾಲೆತ್ತಿ ಕಾರಿನ ಬಾಗಿಲ ಅಂಚಿನ ಮೇಲಿಟ್ಟ. ಅವಳು ಬಗ್ಗಿ, ನಿಧಾನವಾಗಿ ಲಾಡಿ ಬಿಗಿದು, ಅದರ ಮೇಲೆ ಇನ್ನೊಂದು ಗಂಟು ಹಾಕಿದಳು.